ಜಾದೂ ಐಟಂ ಹದಕ್ಕೆ ತರುವುದು ಹೇಗೆ: ಮೂರು ಬಟ್ಟಲು, ಒಂದು ಅಚ್ಚು ಬೆಲ್ಲ

ಮಾರ್ಚ್ ತಿಂಗಳ ಮಧ್ಯಾಹ್ನ. ಮಂಡ್ಯ ಹತ್ತಿರದ ಒಂದು ಊರಿನ ಶಾಲೆ. ಮೇಜಿನ ಮೇಲೆ ಮೂರು ಹಿತ್ತಾಳೆ ಬಟ್ಟಲು ಬೋರಲು ಹಾಕಿದ್ದೆ. ಬಟ್ಟಲ ಕೆಳಗೆ ಚೆಂಡು ಮಾಯವಾಗಿ ಮತ್ತೆ ಬರುವ ಆಟ ಮುಗಿದಿತ್ತು. ಕೊನೆಗೆ ನಡುವಿನ ಬಟ್ಟಲು ಎತ್ತಿದರೆ ಕೆಳಗೆ ಅಚ್ಚು ಬೆಲ್ಲ ಇರಬೇಕು. ಎತ್ತಿದೆ. ಏನೂ ಇಲ್ಲ. ಬಿಸಿಲಿಗೆ ಬೆಲ್ಲ ಬೆವತು ಬಟ್ಟಲಿನ ಒಳಗೇ ಅಂಟಿಕೊಂಡಿತ್ತು. ಮಕ್ಕಳು ಖಾಲಿ ಮೇಜು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ಆ ಐಟಂ ಅನ್ನು ಮನೆಯಲ್ಲಿ ನೂರಾರು ಸಲ ಮಾಡಿದ್ದೆ. ಒಂದು ಸಲವೂ ಹೀಗಾಗಿರಲಿಲ್ಲ. ಯಾಕೆಂದರೆ ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಂಡಿದ್ದು ನಿಂಬೆಹಣ್ಣು.

ಆಲೆಮನೆಯಲ್ಲಿ ಪಾಕ ಎಷ್ಟು ಹೊತ್ತು ಕುದಿಯಿತು ಅಂತ ಲೆಕ್ಕ ಇಟ್ಟರೆ ಸಾಲದು. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಹಿಸುಕಿ ಹದ ನೋಡುತ್ತಾರೆ, ಅಲ್ವಾ? ಜಾದೂಗೆ ಆ ತಣ್ಣೀರು ಅಂದರೆ ಜನ. ಐಟಂ ಶುರುವಾಗುವುದು ಮನೆಯಲ್ಲಿ, ತಯಾರಾಗುವುದು ಅವರ ಮುಂದೆ. ಈ ಬರಹ ಈಗಾಗಲೇ ನಾಲ್ಕಾರು ಐಟಂ ಕಲಿತು, ಅವನ್ನು ಚೆನ್ನಾಗಿ ಮಾಡಬೇಕು ಅಂತ ಆಸೆ ಇರುವವರಿಗೆ. ಗುಟ್ಟು ಯಾವುದನ್ನೂ ಇಲ್ಲಿ ಬಿಚ್ಚುವುದಿಲ್ಲ. ಸುಮಾರು 2000 ವರ್ಷದ ಹಿಂದೆ ರೋಮಿನ ತತ್ವಜ್ಞಾನಿ ಸೆನೆಕಾ ತನ್ನ ಒಂದು ಪತ್ರದಲ್ಲಿ ಇದೇ ಬಟ್ಟಲಿನ ಆಟದ ಬಗ್ಗೆ ಬರೆದಿದ್ದಾನೆ. ಮೋಸ ಹೋಗುವುದರಲ್ಲೇ ಖುಷಿ ಇದೆ, ಹೇಗೆ ಅಂತ ತಿಳಿದರೆ ಆ ಖುಷಿ ಹೋಯಿತು ಅನ್ನುತ್ತಾನೆ. ನಾನೂ ಅದನ್ನೇ ನಂಬಿದ್ದೇನೆ.

ಮೊದಲು ಐಟಂ ಕಡಿಮೆ ಮಾಡಿ

ಫೋನಿನಲ್ಲಿ ವಿಡಿಯೊ ನೋಡಿ ತಿಂಗಳಿಗೆ ಹತ್ತು ಐಟಂ ಕಲಿಯಬಹುದು. ಕಲಿತ ಹತ್ತೂ ಅರ್ಧಂಬರ್ಧ ಉಳಿಯುತ್ತವೆ. ಮೂರೇ ಮೂರು ಆರಿಸಿಕೊಳ್ಳಿ. ಒಂದು ಜೇಬಿನಲ್ಲಿ ಇಟ್ಟುಕೊಂಡು ಎಲ್ಲಿ ಬೇಕಾದರೂ ಮಾಡುವಂಥದ್ದು, ಒಂದು ಮೇಜಿನ ಮೇಲೆ ಮಾಡುವಂಥದ್ದು, ಒಂದು ನಿಂತು ದೊಡ್ಡ ಗುಂಪಿಗೆ ತೋರಿಸುವಂಥದ್ದು. ನನ್ನವು ನಾಣ್ಯ, ಬಟ್ಟಲು-ಚೆಂಡು ಮತ್ತು ಹಗ್ಗ.

ಆರಿಸುವಾಗ ಒಂದು ಪರೀಕ್ಷೆ ಇದೆ. ನೋಡಿದವರು ಮನೆಗೆ ಹೋಗಿ ಅದನ್ನು ಒಂದೇ ವಾಕ್ಯದಲ್ಲಿ ಹೇಳುವ ಹಾಗಿರಬೇಕು. ‘ಮೂರು ತುಂಡು ಹಗ್ಗ ಒಂದೇ ಮಾಡಿಬಿಟ್ಟ.’ ಇಷ್ಟು ಸಾಕು. ‘ಮೊದಲು ಒಂದು ಕಾರ್ಡ್ ತೆಗೆಸಿದ, ಆಮೇಲೆ ಎಣಿಸಿದ, ಆಮೇಲೆ ಇನ್ನೊಬ್ಬರ ಹತ್ತಿರ...’ ಅಂತ ಕಥೆ ಹೋದರೆ ಆ ಐಟಂ ಬಿಡಿ. ಮೂರು ಸಾಕಾಗುವುದಿಲ್ಲ ಅಂತ ಅನಿಸಿದರೂ ಒಂದು ವರ್ಷ ತಡೆಯಿರಿ.

ಸಾಮಾನು ನಿಮ್ಮ ಕೈಗೆ ಹೊಂದಲಿ

ನಾಣ್ಯದ ಪಾಠ ಹೇಳುವ ಅಮೆರಿಕದ ಪುಸ್ತಕಗಳಲ್ಲಿ ಹೆಚ್ಚಿನವು ಅರ್ಧ ಡಾಲರ್ ಹಿಡಿದು ಬರೆದವು. ಅದರ ಅಗಲ 30.6 ಮಿಲಿಮೀಟರ್. ನಮ್ಮ 10 ರೂಪಾಯಿ ನಾಣ್ಯ 27 ಮಿ.ಮೀ., 5 ರೂಪಾಯಿಯದು ಹಳೆಯದು 23, ಹೊಸದು 25 ಮಿ.ಮೀ. ಪುಸ್ತಕದ ಪ್ರಕಾರ ಅಂಗೈಯಲ್ಲಿ ಹಿಡಿಯಲು ಹೋದರೆ 5 ರೂಪಾಯಿ ಜಾರಿ ಬೀಳುತ್ತದೆ. ಬಿದ್ದಾಗ ನಿಮ್ಮ ಕೈ ಸರಿಯಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಅಳತೆ ಬೇರೆ ಅಷ್ಟೇ. ನಾನು 10 ರೂಪಾಯಿಯಲ್ಲಿ ಮಾಡುತ್ತೇನೆ. ಎರಡು ಬಣ್ಣ ಇರುವುದರಿಂದ ದೂರಕ್ಕೂ ಕಾಣುತ್ತದೆ, ಯಾರ ಜೇಬಿನಲ್ಲಾದರೂ ಸಿಗುತ್ತದೆ. ಮನೆಯಲ್ಲಿ ಅಜ್ಜಿ ಕಾಲದ ಬೆಳ್ಳಿ ರೂಪಾಯಿ ಇದ್ದರೆ ಒಮ್ಮೆ ಹಿಡಿದು ನೋಡಿ. 11.66 ಗ್ರಾಂ ತೂಕ, ಅಗಲ ಹೆಚ್ಚುಕಡಿಮೆ ಅರ್ಧ ಡಾಲರ್‌ನಷ್ಟೇ. ಅಂಗೈಯಲ್ಲಿ ಕೂತರೆ ಅಲುಗುವುದೇ ಇಲ್ಲ.

ಬಟ್ಟಲಿನಲ್ಲೂ ಎರಡು ದಾರಿ. ನಮ್ಮ ಬೀದಿ ಜಾದೂಗಾರರ ಬಟ್ಟಲು ಚಿಕ್ಕದು, ನೆತ್ತಿಯಲ್ಲಿ ಒಂದು ಗುಬುಟು. ಅದನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು ಎತ್ತುತ್ತಾರೆ. ನೆಲದ ಮೇಲೆ ಕೂತು, ಬಟ್ಟೆಯ ಚೆಂಡಿನಲ್ಲಿ ಆಡುತ್ತಾರೆ. ಪಶ್ಚಿಮದ ಬಟ್ಟಲು ದೊಡ್ಡದು, ಒಂದರೊಳಗೊಂದು ಕೂರುತ್ತದೆ, ಮೇಜು ಬೇಕು. ಯಾವುದು ಕಲಿಯುತ್ತೀರೋ ಅದನ್ನೇ ಕಲಿಯಿರಿ. ಕೈಯ ಚಲನೆ ಎರಡರಲ್ಲೂ ಬೇರೆ. ಅದರದ್ದು ಇದಕ್ಕೆ ಬೆರೆಸಿದರೆ ಎರಡೂ ಕೆಡುತ್ತವೆ.

ಮನೆ ಅಭ್ಯಾಸ: ಮೊದಲು ನಿಜ, ಆಮೇಲೆ ಸುಳ್ಳು

ನಾಣ್ಯವನ್ನು ಬಲಗೈಯಿಂದ ಎಡಗೈಗೆ ಹಾಕಿದ ಹಾಗೆ ಮಾಡಿ ಬಲಗೈಯಲ್ಲೇ ಉಳಿಸಿಕೊಳ್ಳುವುದು ಎಲ್ಲರೂ ಮೊದಲು ಕಲಿಯುವ ಕೈಚಳಕ. ಇದನ್ನು ಅಭ್ಯಾಸ ಮಾಡುವಾಗ ಹತ್ತು ಸಲ ನಿಜವಾಗಿಯೇ ಹಾಕಿ. ಗಮನ ಕೊಟ್ಟು ನೋಡಿ. ಎಡಗೈ ಯಾವಾಗ ಮುಚ್ಚುತ್ತದೆ? ಹಾಕಿದ ಮೇಲೆ ಬಲಗೈ ಎಲ್ಲಿಗೆ ಹೋಗುತ್ತದೆ? ಕಣ್ಣು ಯಾವ ಕೈ ಹಿಂದೆ ಹೋಗುತ್ತದೆ? ಆಮೇಲೆ ಹನ್ನೊಂದನೇ ಸಲ ಸುಳ್ಳು ಮಾಡಿ. ಫೋನಿನಲ್ಲಿ ಎರಡನ್ನೂ ರೆಕಾರ್ಡ್ ಮಾಡಿ ಪಕ್ಕಪಕ್ಕ ನೋಡಿ.

ನಾನು ಹೀಗೆ ನೋಡಿದಾಗ ಕಂಡಿದ್ದು ಇದು. ನಿಜವಾಗಿ ಹಾಕಿದಾಗ ನನ್ನ ಬಲಗೈ ಬೆರಳು ಸಡಿಲವಾಗಿ, ಸ್ವಲ್ಪ ತೆರೆದು ಕೆಳಗೆ ಇಳಿಯುತ್ತಿತ್ತು. ಸುಳ್ಳು ಹಾಕಿದಾಗ ಹೆಬ್ಬೆರಳು ಕೋಲಿನ ಹಾಗೆ ಸೆಟೆದು ನಿಲ್ಲುತ್ತಿತ್ತು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಅದನ್ನು ನೋಡಿ, ‘ಸರ್, ನಿಮ್ಮ ಈ ಕೈಗೆ ನೋವಾಗಿದೆಯಾ?’ ಅಂತ ಕೇಳಿದ್ದಳು. ಗುಟ್ಟು ಅವಳಿಗೆ ಗೊತ್ತಾಗಿರಲಿಲ್ಲ. ಕೈ ಸಹಜವಾಗಿಲ್ಲ ಅನ್ನುವುದು ಗೊತ್ತಾಗಿತ್ತು. ಜಾದೂ ಸೋಲುವುದು ಜಾಸ್ತಿ ಇಲ್ಲೇ.

ಹೆಬ್ಬೆರಳು ಸರಿಮಾಡಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಮಾಡಿದ ಕೆಲಸ ತುಂಬಾ ಸರಳ. ದಿನವಿಡೀ ನಾಣ್ಯ ಅಂಗೈಯಲ್ಲೇ ಇಟ್ಟುಕೊಂಡು ಬೇರೆ ಕೆಲಸ ಮಾಡಿದೆ. ಬಾಗಿಲು ತೆಗೆದೆ, ಕಾಫಿ ಲೋಟ ಹಿಡಿದೆ, ಪೇಪರ್ ಮಡಚಿದೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲಿನಲ್ಲಿ ಹೋಗುವಾಗ ಅಷ್ಟು ಹೊತ್ತೂ ನಾಣ್ಯ ಅಂಗೈಯಲ್ಲಿ, ಅದೇ ಕೈಯಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದೆ. ಕೈಗೆ ನಾಣ್ಯ ಇರುವುದೇ ಮರೆತುಹೋಗಬೇಕು. ಆಗ ನೋಡುವವರಿಗೂ ಅನುಮಾನ ಬರುವುದಿಲ್ಲ.

ಕನ್ನಡಿ ಬಗ್ಗೆ ಒಂದು ಎಚ್ಚರಿಕೆ. ಮೊದಮೊದಲು ಕನ್ನಡಿ ಬೇಕು. ಆದರೆ ಕನ್ನಡಿ ಮುಂದೆ ಕೈಚಳಕದ ಕ್ಷಣಕ್ಕೆ ಸರಿಯಾಗಿ ಕಣ್ಣು ಮಿಟುಕಿಸುವ ಅಭ್ಯಾಸ ಬಹಳ ಜನಕ್ಕೆ ಬರುತ್ತದೆ. ತಾನೇ ತನಗೆ ಸಿಕ್ಕಿಬೀಳಬಾರದು ಅಂತ ಕಣ್ಣು ತಾನಾಗಿ ಮುಚ್ಚುತ್ತದೆ. ಕನ್ನಡಿಯಲ್ಲಿ ಅದು ಕಾಣುವುದೂ ಇಲ್ಲ. ಎರಡು ವಾರ ಆದ ಮೇಲೆ ಕನ್ನಡಿ ಬಿಟ್ಟು ಫೋನಿಗೆ ಬನ್ನಿ. ಫೋನನ್ನು ಮೂರು ಕಡೆ ಇಡಿ: ಎದುರು, ಎಡಗಡೆ, ಮತ್ತೆ ನೆಲದಿಂದ ಸುಮಾರು ಎರಡು ಅಡಿ ಎತ್ತರದಲ್ಲಿ. ನೆಲದ ಮೇಲೆ ಕೂತ ಮಗುವಿನ ಕಣ್ಣು ಇರುವುದು ಆ ಎತ್ತರದಲ್ಲಿ. ಅಲ್ಲಿಂದ ನಿಮ್ಮ ಅಂಗೈ ಕಾಣುತ್ತದೆ.

ಹೊತ್ತು ಎಷ್ಟು? ಬೆಳಗ್ಗೆ 15 ನಿಮಿಷ, ರಾತ್ರಿ 15 ನಿಮಿಷ. ಭಾನುವಾರ ಒಂದೇ ಸಲ ಮೂರು ಗಂಟೆ ಕೂರುವುದಕ್ಕಿಂತ ಇದು ಒಳ್ಳೆಯದು. ಕೈ ಸುಸ್ತಾದ ಮೇಲೆ ಮಾಡಿದ ಅಭ್ಯಾಸದಲ್ಲಿ ತಪ್ಪೇ ಗಟ್ಟಿಯಾಗುತ್ತದೆ. ಚಾಪೆ ಮೇಲೋ ಹಾಸಿಗೆ ಮೇಲೋ ಮಾಡಿ. ನಾಣ್ಯ ಬಿದ್ದಾಗ ಸದ್ದಾಗುವುದಿಲ್ಲ, ಪದೇಪದೇ ಬಗ್ಗುವ ಕೆಲಸವೂ ಇಲ್ಲ.

ಮಾತು ಬರೆದುಕೊಳ್ಳಿ, ನಿಮ್ಮ ಭಾಷೆಯಲ್ಲೇ

ಕೈ ತಯಾರಾದ ಮೇಲೆ ಮಾತು ತಾನಾಗಿ ಬರುತ್ತದೆ ಅಂತ ಬಿಡಬೇಡಿ. ಬರುವುದಿಲ್ಲ. ಪುಸ್ತಕದಲ್ಲಿ ಬರೆಯಿರಿ, ಜೋರಾಗಿ ಓದಿ. ‘ಈಗ ನನ್ನ ಕೈಯಲ್ಲಿ ಒಂದು ಚೆಂಡು ಇದೆ, ಇದನ್ನು ಬಟ್ಟಲಿನ ಕೆಳಗೆ ಇಡುತ್ತೇನೆ’ ಅನ್ನುವ ಸಾಲುಗಳನ್ನೆಲ್ಲ ಹೊಡೆದು ಹಾಕಿ. ಜನಕ್ಕೆ ಅದು ಕಾಣುತ್ತಿದೆ.

ಮಂಡ್ಯದ ಹಳ್ಳಿಯಲ್ಲಿ ‘ಮಹನೀಯರೇ ಮಹಿಳೆಯರೇ’ ಅಂದರೆ ಜನ ದೂರ ಕೂತೇ ಇರುತ್ತಾರೆ. ‘ಏನಜ್ಜಿ, ಚೆಂಡು ಎಲ್ಲಿಗೋಯ್ತು?’ ಅಂದರೆ ಅಜ್ಜಿ ಉತ್ತರ ಕೊಟ್ಟೇ ಕೊಡುತ್ತಾರೆ. ಆ ಉತ್ತರ ಬರುವ ಹೊತ್ತಿಗೆ ಇಡೀ ಊರಿನ ಕಣ್ಣು ಅಜ್ಜಿ ಮೇಲೆ ಇರುತ್ತದೆ. ಪ್ರಶ್ನೆಗೆ ಇಷ್ಟು ಶಕ್ತಿ ಇದೆ. ನಗುವಿಗೂ ಇದೆ. ನಕ್ಕ ಮೇಲೆ ಒಂದೆರಡು ಸೆಕೆಂಡ್ ಎಲ್ಲರ ಗಮನ ಸಡಿಲವಾಗುತ್ತದೆ. ಹಾಗಾಗಿ ಎಲ್ಲಿ ಪ್ರಶ್ನೆ, ಎಲ್ಲಿ ನಗು ಅನ್ನುವುದನ್ನು ಕೈಯ ಕೆಲಸದ ಜೊತೆ ಸೇರಿಸಿಯೇ ಬರೆದುಕೊಳ್ಳಿ. ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ಬಾಯಿಪಾಠ ಇರಲಿ. ನಡುವಿನದು ಜನರನ್ನು ನೋಡಿ ಬದಲಾಗಬಹುದು.

ಕೈ ವೇಗವಾಗಿರಬೇಕು ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ನಂಬಬೇಡಿ. ವೇಗದ ಕೈ ಕಂಡರೆ ಜನ ‘ಏನೋ ಮಾಡಿದ’ ಅಂತ ತಕ್ಷಣ ಹೇಳುತ್ತಾರೆ. ನಿಧಾನ, ನಡುವೆ ನಿಲ್ಲದೆ, ಮಾತಿನ ಲಯಕ್ಕೆ ಸೇರಿಕೊಂಡು ಮಾಡಿ.

ಮೊದಲ ಜನ ಯಾರು?

ಅಮ್ಮನಿಗೆ ತೋರಿಸಬೇಡಿ, ಅವರಿಗೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಬೇರೆ ಜಾದೂಗಾರರಿಗೂ ಆಗಲೇ ಬೇಡ, ಅವರು ಕೈಯನ್ನೇ ನೋಡುತ್ತಾರೆ. ಪಕ್ಕದ ಮನೆಯವರು, ಅಂಗಡಿಯವರು, ಸಂಜೆ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ವಾಕಿಂಗ್ ಮುಗಿಸಿ ಕೂತ ಗೆಳೆಯರು, ಇವರೇ ಸರಿ. ಒಂದು ಸಲಕ್ಕೆ ನಾಲ್ಕೈದು ಜನ ಸಾಕು.

ಮುಗಿದ ಮೇಲೆ ‘ಹೇಗಿತ್ತು?’ ಅಂತ ಕೇಳಿದರೆ ‘ಸೂಪರ್’ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಮಾರನೇ ದಿನ ಸಿಕ್ಕಾಗ ‘ನಿನ್ನೆ ನಾನು ಏನು ಮಾಡಿದೆ, ಹೇಳಿ ನೋಡೋಣ’ ಅನ್ನಿ. ಅವರು ಹೇಳುವುದನ್ನು ಹಾಗೇ ಬರೆದುಕೊಳ್ಳಿ. ನನ್ನ ಬಟ್ಟಲಿನ ಐಟಂನಲ್ಲಿ ಮೊದಲು ಐದು ಹಂತ ಇತ್ತು. ಮೂರನೆಯದಕ್ಕೆ ನಾನು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಕೇಳಿದ ಹನ್ನೊಂದು ಜನರಲ್ಲಿ ಒಬ್ಬರೂ ಅದನ್ನು ಹೇಳಲಿಲ್ಲ. ಎಲ್ಲರಿಗೂ ನೆನಪಿದ್ದದ್ದು ಮುಷ್ಟಿಯಲ್ಲಿದ್ದ ಚೆಂಡು ಬಟ್ಟಲಿಗೆ ಹೋದದ್ದು, ಮತ್ತೆ ಕೊನೆಯಲ್ಲಿ ಬಂದ ಬೆಲ್ಲ. ಮೂರನೆಯದನ್ನು ತೆಗೆದೆ. ಒಂಬತ್ತು ನಿಮಿಷದ ಐಟಂ ಆರಕ್ಕೆ ಬಂತು. ಬೇಜಾರಾಯಿತು, ನಿಜ. ಆದರೆ ಚಪ್ಪಾಳೆ ಜೋರಾಯಿತು.

ಪ್ರದರ್ಶನದ ಪುಸ್ತಕ

ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸುವುದು ಇದು. ಒಂದು 200 ಪುಟದ ನೋಟ್‌ಬುಕ್ ತಗೊಳ್ಳಿ. ಪ್ರತಿ ಪ್ರದರ್ಶನ ಮುಗಿದ ರಾತ್ರಿ, ಮಲಗುವ ಮೊದಲು ಬರೆಯಿರಿ. ಜಾಗ, ಹೊತ್ತು, ಎಷ್ಟು ಜನ, ಬೆಳಕು ಎಲ್ಲಿಂದ, ಎಲ್ಲಿ ನಕ್ಕರು, ಎಲ್ಲಿ ಸದ್ದಿಲ್ಲದೆ ನೋಡಿದರು, ಎಲ್ಲಿ ಮಕ್ಕಳು ಪಕ್ಕದವರ ಜೊತೆ ಮಾತಾಡಲು ಶುರುಮಾಡಿದರು. ಆ ಕೊನೆಯದು ಚಿನ್ನದಂಥ ಮಾಹಿತಿ. ಮಕ್ಕಳು ಸುಮ್ನೆ ಮಾತಾಡುವುದಿಲ್ಲ, ನೀವು ಅವರನ್ನು ಕೈಬಿಟ್ಟಿರುತ್ತೀರಿ.

ನನ್ನ ಪುಸ್ತಕದ ಒಂದು ಪುಟ ಹೀಗಿದೆ: ‘ಶಾಲೆ, ಮಧ್ಯಾಹ್ನ 3. ಸುಮಾರು 120 ಮಕ್ಕಳು. ಸೂರ್ಯ ನನ್ನ ಬೆನ್ನಿಗೆ. ಕರವಸ್ತ್ರ ಎತ್ತಿದಾಗ ಬಟ್ಟೆ ಒಳಗಿದ್ದದ್ದು ನೆರಳಾಗಿ ಕಂಡಿತು, ಎಡಗಡೆಯವರು ಕೂಗಿದರು. ಬೆಲ್ಲ ಅಂಟಿತು. ಎರಡನೇ ಹಂತದಲ್ಲಿ ಒಳ್ಳೆ ನಗು.’

ಇದರ ಕೆಳಗೆ, ಮುಂದಿನ ಸಲ ಏನು ಬದಲಾಯಿಸಬೇಕು ಅಂತ ಒಂದೇ ಒಂದು ಸಾಲು ಬರೆಯಬೇಕು. ಎರಡು ಬೇಡ. ಮಾತು, ಸಾಮಾನು, ಜಾಗ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸುಧಾರಿಸಿತು ಅಂತ ಗೊತ್ತಾಗುವುದಿಲ್ಲ. ಆ ಒಂದು ಬದಲಾವಣೆಯನ್ನು ಕಡಿಮೆ ಅಂದರೆ ಮೂರು ಪ್ರದರ್ಶನದಲ್ಲಿ ನೋಡಿ. ಆಮೇಲೆ ಇಟ್ಟುಕೊಳ್ಳುವುದಾ ಬಿಡುವುದಾ ತೀರ್ಮಾನ ಮಾಡಿ.

ಬೆಲ್ಲದ ಕಥೆಯೇ ನೋಡಿ. ಮೊದಲು ಅಕ್ಕಿ ಹಿಟ್ಟು ಸವರಿ ನೋಡಿದೆ. ಅಂಟಲಿಲ್ಲ, ಆದರೆ ಬಟ್ಟಲಿನ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿತ್ತು. ಮೂರು ಪ್ರದರ್ಶನ ಆದ ಮೇಲೆ ಬಿಟ್ಟೆ. ಆಮೇಲೆ ಒಣಗಿದ ಬಾಳೆಎಲೆ ಚೂರಿನಲ್ಲಿ ಸುತ್ತಿ, ಅದೇ ಎಲೆಯ ನಾರಿನಿಂದ ಕಟ್ಟಿದೆ. ಬಟ್ಟಲು ಎತ್ತಿದರೆ ಒಂದು ಪುಟ್ಟ ಪೊಟ್ಟಣ. ಮಗುವನ್ನು ಕರೆದು ಬಿಚ್ಚಿಸಿದೆ. ಬಿಚ್ಚುವಾಗ ಎಲೆ ಚರಚರ ಅಂತ ಸದ್ದು ಮಾಡಿತು. ಇಡೀ ಶಾಲೆ ಮುಂದಕ್ಕೆ ಬಾಗಿತು. ಬೆಲ್ಲ ಕಂಡಾಗ ಬಂದ ಕೂಗು ಮೊದಲಿನದಕ್ಕಿಂತ ಎರಡು ಪಟ್ಟು. ಅಂಟಬಾರದು ಅಂತ ಮಾಡಿದ ಉಪಾಯ ಐಟಂನ ಅತಿ ಒಳ್ಳೆಯ ಕ್ಷಣವಾಯಿತು. ಮನೆಯಲ್ಲಿ ಕೂತು ಇದನ್ನು ನಾನು ಯಾವತ್ತೂ ಯೋಚಿಸುತ್ತಿರಲಿಲ್ಲ.

ಜಾಗಕ್ಕೆ ತಕ್ಕ ಹಾಗೆ

ಗಣೇಶನ ಪೆಂಡಾಲಿನಲ್ಲಿ ಮಕ್ಕಳು ವೇದಿಕೆಯ ಪಕ್ಕಕ್ಕೂ ಹಿಂದಕ್ಕೂ ಹತ್ತುತ್ತಾರೆ. ಹಿಂದಿನಿಂದ ನೋಡಿದರೆ ಕೆಡುವ ಐಟಂ ಅಲ್ಲಿಗೆ ಒಯ್ಯಬೇಡಿ. ಹಗ್ಗ ಒಳ್ಳೆಯದು. ಶಾಲೆಯ ಬಯಲಿನಲ್ಲಿ ಅರ್ಧ ಗಂಟೆ ಮೊದಲೇ ಹೋಗಿ ಸೂರ್ಯ ಎಲ್ಲಿದ್ದಾನೆ ನೋಡಿ. ಬೆಳಕು ನಿಮ್ಮ ಮುಖಕ್ಕೆ ಬೀಳಬೇಕು, ಮಕ್ಕಳ ಕಣ್ಣಿಗೆ ಕುಕ್ಕಬಾರದು. ಎರಡೂ ಆಗದಿದ್ದರೆ ಅಡ್ಡಕ್ಕೆ ನಿಲ್ಲಿ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಶುರುವಾಗುವ ಮೊದಲೇ ಮುಗಿಸಿ. ಮೈಕ್ ಕೈಯಲ್ಲಿ ಹಿಡಿಯುವುದಾದರೆ ಒಂದು ಕೈ ಹೋಯಿತು, ಆದ್ದರಿಂದ ಸ್ಟ್ಯಾಂಡ್ ಅಥವಾ ಕಾಲರ್ ಮೈಕ್ ಕೇಳಿ ಪಡೆಯಿರಿ.

ಡಿಸೆಂಬರ್-ಜನವರಿಯಲ್ಲಿ ಮೈಸೂರಿನ ಒಣ ಹವೆಗೆ ಅಂಗೈ ಒಣಗಿ ನಾಣ್ಯ ಜಾರುತ್ತದೆ. ಒಂದು ಹನಿ ಗ್ಲಿಸರಿನ್ ಉಜ್ಜಿ ಐದು ನಿಮಿಷ ಬಿಡಿ. ಬೇಸಿಗೆಯಲ್ಲಿ ಉಲ್ಟಾ, ಕರವಸ್ತ್ರ ಜೇಬಿನಲ್ಲಿರಲಿ. ಮಳೆಗಾಲದಲ್ಲಿ ಕಾಗದದ ಇಸ್ಪೀಟು ಎಲೆ ತೇವ ಎಳೆದು ಬಾಗುತ್ತದೆ. ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ.

ತಪ್ಪಿದಾಗ ಏನು?

ಐಟಂ ಅನ್ನು ಹಂತಹಂತವಾಗಿ ಬರೆದು, ಪ್ರತಿ ಹಂತದ ಪಕ್ಕ ‘ಇಲ್ಲಿ ಏನು ತಪ್ಪಬಹುದು’ ಅಂತ ಬರೆಯಿರಿ. ಚೆಂಡು ಉರುಳಿ ಕೆಳಗೆ ಬೀಳಬಹುದು. ಮಗು ತಾನೇ ಬಟ್ಟಲು ಎತ್ತಿಬಿಡಬಹುದು. ಪ್ರತಿಯೊಂದಕ್ಕೂ ಒಂದು ಉತ್ತರ ತಯಾರಿರಲಿ, ಅದನ್ನೂ ಅಭ್ಯಾಸ ಮಾಡಿ. ಮುಂದೆ ಏನಾಗುತ್ತದೆ ಅಂತ ಮೊದಲೇ ಹೇಳದಿದ್ದರೆ ಅರ್ಧ ಕಷ್ಟ ಕಳೆದ ಹಾಗೆ. ಬೆಲ್ಲ ಬರುತ್ತದೆ ಅಂತ ಆ ದಿನ ನಾನು ಹೇಳಿರಲಿಲ್ಲ. ಹಾಗಾಗಿ ‘ನೋಡಿ, ಎಲ್ಲ ಖಾಲಿ’ ಅಂತ ಬಟ್ಟಲು ಬೋರಲಾಗಿಯೇ ಕೆಳಗಿಟ್ಟು ಹಗ್ಗಕ್ಕೆ ಹೋದೆ. ಮಕ್ಕಳಿಗೆ ಕೊರತೆ ಕಾಣಲಿಲ್ಲ.

‘ಇನ್ನೊಂದ್ಸಲ!’

ಇದು ಎಲ್ಲ ಕಡೆ ಬರುವ ಕೂಗು. ಅದೇ ಐಟಂ ಅದೇ ರೀತಿ ಮತ್ತೆ ಮಾಡಬೇಡಿ. ಎರಡನೇ ಸಲ ಜನಕ್ಕೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಆದರೆ ಬೇರೆಬೇರೆ ದಾರಿ ತಿಳಿದಿದ್ದರೆ ಮತ್ತೆ ಮಾಡುವುದೇ ದೊಡ್ಡ ಜಾದೂ ಆಗುತ್ತದೆ. ಯಾವ ಜಾದೂವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹಿಡಿಯುತ್ತೇನೆ ಅಂತ ಅಮೆರಿಕದ ಹೆಸರಾಂತ ಜಾದೂಗಾರ ಹ್ಯಾರಿ ಹುಡಿನಿ ಹೇಳುತ್ತಿದ್ದರು. 1922ರಲ್ಲಿ ಷಿಕಾಗೊದಲ್ಲಿ ಡಾಯ್ ವರ್ನನ್ ಅನ್ನುವ ಜಾದೂಗಾರ ಹುಡಿನಿಗೆ ಒಂದೇ ಇಸ್ಪೀಟಿನ ಐಟಂ ಮತ್ತೆ ಮತ್ತೆ ತೋರಿಸಿದರು. ನಡುವೆ ಇಟ್ಟ ಎಲೆ ಪ್ರತಿ ಸಲ ಮೇಲೆ ಬರುತ್ತಿತ್ತು. ಮೂರು ಸಲ ದಾಟಿದರೂ ಹುಡಿನಿಗೆ ಹಿಡಿಯಲಾಗಲಿಲ್ಲ. ನಮ್ಮ ದೇಶದ ಪಿ.ಸಿ. ಸೊರ್ಕಾರ್ (1913–1971) ‘ವಾಟರ್ ಆಫ್ ಇಂಡಿಯಾ’ ಅಂತ ಒಂದು ಚೊಂಬು ಇಟ್ಟುಕೊಂಡಿರುತ್ತಿದ್ದರು. ಚೊಂಬಿನ ನೀರು ಪೂರ್ತಿ ಚೆಲ್ಲುತ್ತಿದ್ದರು. ಬೇರೆ ಐಟಂ ಮಾಡಿ ಮತ್ತೆ ಚೊಂಬಿಗೆ ಬಂದರೆ ಮತ್ತೆ ನೀರು. ಇಡೀ ಕಾರ್ಯಕ್ರಮವನ್ನು ಒಂದು ಚೊಂಬು ಕಟ್ಟಿಹಾಕುತ್ತಿತ್ತು. ನಿಮ್ಮ ಮೂರು ಐಟಂಗಳಲ್ಲಿ ಯಾವುದಾದರೂ ಹೀಗೆ ಮರಳಿ ಬರುವಂತೆ ಮಾಡಬಹುದಾ ನೋಡಿ.

ಹಳ್ಳಿಯಲ್ಲಿ ಇನ್ನೊಂದು ಥರದ ಮಾತೂ ಬರುತ್ತದೆ. ಒಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ತಾಯಿ ಕಾಯಿಲೆಯ ಮಗುವನ್ನು ಎತ್ತಿಕೊಂಡು ಬಂದು, ‘ಏನಾದ್ರೂ ಕಟ್ಟಿಕೊಡಿ’ ಅಂದರು. ಇದು ಬರೀ ಕೈಚಳಕ, ನನ್ನ ಹತ್ತಿರ ಶಕ್ತಿ ಏನೂ ಇಲ್ಲ, ಆಸ್ಪತ್ರೆಗೆ ತೋರಿಸಿ ಅಂತ ಕೂತು ಹೇಳಿದೆ. ಅವತ್ತಿನಿಂದ ನನ್ನ ಮೊದಲ ಸಾಲಿನಲ್ಲೇ ‘ಕೈಚಳಕ’ ಅನ್ನುವ ಪದ ಇದೆ. ನೀವೂ ಹಾಕಿಕೊಳ್ಳಿ.

ನೂರು ಪ್ರದರ್ಶನ ದಾಟಿದ ಮೇಲೆ

ಆಗ ಬೇರೆ ಅಪಾಯ. ಕೈ ತಾನಾಗಿ ಓಡುತ್ತದೆ, ಮಾತು ಯಂತ್ರದ ಹಾಗೆ ಬರುತ್ತದೆ. ಗೊತ್ತಾಗದೆ ಆರು ನಿಮಿಷ ನಾಲ್ಕೂವರೆ ಆಗಿರುತ್ತದೆ. ವರ್ಷಕ್ಕೆ ಎರಡು ಸಲ ಪೂರ್ತಿ ವಿಡಿಯೊ ಮಾಡಿಸಿ, ಹಳೆಯದರ ಪಕ್ಕ ಇಟ್ಟು ಗಡಿಯಾರ ಹಿಡಿದು ನೋಡಿ. ಎಲ್ಲಿ ಕಡಿಮೆಯಾಗಿದೆಯೋ ಅಲ್ಲಿ ನೀವು ಜನರನ್ನು ನೋಡುವುದು ಬಿಟ್ಟಿದ್ದೀರಿ. ಅಷ್ಟು ಭಾಗವನ್ನು ಮತ್ತೆ ಮೊದಲಿನಿಂದ, ಹತ್ತು ಸಲ ನಿಜವಾಗಿ ಮಾಡಿ ಅಭ್ಯಾಸ ಶುರುಮಾಡಿ. ಆಗಾಗ ಒಂದೆರಡು ತಿಂಗಳು ಐಟಂಗೆ ರಜೆ ಕೊಡುವುದೂ ಒಳ್ಳೆಯದು. ಬಟ್ಟೆ ಚೆಂಡನ್ನೂ ಆಗ ಹೊಸದಾಗಿ ಹೊಲಿಸಿಕೊಳ್ಳಿ, ಹಳೆಯದು ತೊಳೆದು ತೊಳೆದು ಗಟ್ಟಿಯಾಗಿರುತ್ತದೆ.

ನನ್ನ ಪುಸ್ತಕದಲ್ಲಿ ಈಗಿರುವ ಸಾಲು ಇದು: ‘ಮೈಸೂರಲ್ಲಿ ಬೆಲ್ಲದ ಬದಲು ಈರನಗೆರೆ ಬದನೆಕಾಯಿ.’ ಮೈಸೂರಿನವರಿಗೆ ಅದು ನೋಡಿದ ಕೂಡಲೇ ಗುರುತು ಹತ್ತುತ್ತದೆ. ಬಟ್ಟಲಿಗೆ ಸರಿಯಾಗಿ ಕೂರುತ್ತದೆ. ಎರಡು ಕಡೆ ಮಾಡಿದ್ದೇನೆ. ತೊಟ್ಟು ಹಿತ್ತಾಳೆಗೆ ತಾಗಿ ಸಣ್ಣಗೆ ಸದ್ದು ಬರುತ್ತಿದೆ, ಮುಂದಿನ ಸಾಲಿನಲ್ಲಿ ಕೂತವರಿಗೆ ಕೇಳಿಸಬಹುದು. ಮೂರನೆಯದು ಬರುವ ಭಾನುವಾರ. ಅಷ್ಟರಲ್ಲಿ ತೊಟ್ಟನ್ನು ಅರ್ಧ ಇಂಚು ಕತ್ತರಿಸಿ ನೋಡಬೇಕು.